ತೆರೆಯ ಮೇಲೆ ತೀರಿಹೋದವನನ್ನು ಬದುಕಿಸಿಕೊಡುವ ಬಗ್ಗೆ

ಇಂದ:
ವೈಜನಾಥ, ನಿವೃತ್ತ ಸರ್ಕಾರಿ ಗುಮಾಸ್ತ
(ತಮ್ಮ ಬಹುಮಾನಿತ ಚಿತ್ರದ ಪ್ರಕಾರ ದಿವಂಗತ)
ದಿಲ್‌ಸುಖ್‌ನಗರ, ಹೈದರಾಬಾದ್, ಆಂಧ್ರಪ್ರದೇಶ

ಗೆ:
ಕಾರ್ಯದರ್ಶಿಗಳು
ವಾರ್ಷಿಕ ಚಲನಚಿತ್ರೋತ್ಸವ ಸಮಿತಿ, ಮುಗಿಲಗುಡ್ಡ

ಭಾದ್ರಪದ ಮಾಸ, 1998

ವಿಷಯ: ಹೋದ ವರ್ಷ ಮೊದಲ ಬಹುಮಾನ ಪಡೆದ ‘ಖಾಲಿ ಮಣೆ’ ಎಂಬ ಸಾಕ್ಷ್ಯಚಿತ್ರದಲ್ಲಿ ತೀರಿಹೋಗಿರುವ ಅರ್ಜಿದಾರನನ್ನು ಈ ವರ್ಷದ ಉತ್ಸವದಲ್ಲಿ ಬದುಕಿಸಿಕೊಡುವ ಕುರಿತು.

ಉಲ್ಲೇಖ: 1) ತಾನು ಜೀವಂತನಿದ್ದೇನೆಂದು ತಿಳಿಸಿ ಅರ್ಜಿದಾರ ಬರೆದ ಪತ್ರ.
2) “ಕಲಾತ್ಮಕ ಕಾರಣಗಳಿಂದ ಬದಲಾವಣೆ ಸಾಧ್ಯವಿಲ್ಲ” ಎಂದು ತಾವು ದಯಪಾಲಿಸಿದ ಉತ್ತರ.

ಮಾನ್ಯರೇ,

ಭಗವಂತನ ಕೃಪೆಯಿಂದ ಸದರಿ ಅರ್ಜಿದಾರನ ಉಸಿರಾಟ ಸರಾಗವಾಗಿದ್ದು, ಎರಡು ಹೊತ್ತು ಊಟ, ಒಂದು ಹೊತ್ತು ಸಂಧ್ಯಾವಂದನೆ ನಡೆಯುತ್ತಿವೆ. ಆದಾಗ್ಯೂ ಕೆಳಕಂಡ ಕಾರಣಗಳಿಂದ ಈ ಅರ್ಜಿ.

1. ಚಿತ್ರದ ನಿರ್ದೇಶಕ ಚಿ. ಪ್ರಹ್ಲಾದ ಹೊರಗಿನವನಲ್ಲ. ಇದೇ ಊರಿನ ನಾರಾಯಣಗೂಡದ ಯಮುನಾಬಾಯಿಯವರ ಮಗ. ಅರ್ಜಿದಾರನ ತೊಡೆಯ ಮೇಲೆ ಆಡಿದ ಕೂಸು. ಹೈದರಾಬಾದಿನ ಹಳೆಯ ಕನ್ನಡ ಮನೆಗಳ ಅಡುಗೆ, ಹಾಡು, ಹಸೆ ಇವುಗಳ ಚಿತ್ರ ತೆಗೆಯುತ್ತೇನೆಂದು ಅವನು ಕ್ಯಾಮೆರಾ ಸಮೇತ ಮನೆಗೆ ಬಂದಾಗ ಅರ್ಜಿದಾರನ ಹೆಂಡತಿ ಗಿರಿಜಾಬಾಯಿ ಹೋಳಿಗೆ ಮಾಡಿ ಬಡಿಸಿದಳು. ಅರ್ಜಿದಾರ ಅವಳ ಪಕ್ಕದಲ್ಲಿ ಕುಳಿತು, ಅವಳಿಗೆ ಕೇಳಿದ ಪ್ರಶ್ನೆಗೆಲ್ಲ ತಾನೇ ಉತ್ತರ ಹೇಳಿದ್ದು ನಿಜ. ಅದು ಮೂವತ್ತು ವರ್ಷದ ರೂಢಿ.

ಆಗ ಹುಡುಗ ಹೇಳಿದ: “ಕಾಕಾ, ನೀವು ಫ್ರೇಮಿನ್ಯಾಗ ಬಂದ್ರ ಮನಿ ತುಂಬಿಧಂಗ ಕಾಣತದರಿ.”

“ಮನಿ ತುಂಬೇ ಅದ ಅಲ್ಲೋ ತಮ್ಮಾ.”

“ಅದೇ ಅಡಚಣಿ ಆಗೇದರಿ.”

ಆದ್ದರಿಂದ ಚಿತ್ರತಂಡಕ್ಕೆ ಉಸ್ಮಾನಿಯಾ ಬಿಸ್ಕೀಟು ತರಲು ಅರ್ಜಿದಾರನನ್ನು ಹೊರಗೆ ಕಳಿಸಲಾಯಿತು. ಆತ ಬೇಕರಿಯ ಮುಂದೆ ಸರದಿಯಲ್ಲಿ ನಿಂತಿದ್ದ ಸಮಯದಲ್ಲೇ ಮನೆಯಲ್ಲಿ ಮರಣ ಸಂಭವಿಸಿತು.

2. ಮರಣದ ವಿಧಾನ: ಗೋಡೆಯ ಮೇಲೆ ಅರ್ಜಿದಾರನ ತಂದೆಯವರ ಫೋಟೋಕ್ಕೆ ಇದ್ದ ಗಂಧದ ಹಾರವನ್ನು ತೆಗೆದು, “ಈ ಕಡಿ ಗ್ವಾಡಿ ಬೋಳು ಕಾಣತದ” ಎಂದು, ಅರ್ಜಿದಾರನ ನಿವೃತ್ತಿ ದಿನದ ಫೋಟೋಕ್ಕೆ ಹಾಕಲಾಯಿತು. ಗಿರಿಜಾಬಾಯಿ ಅಡುಗೆಮನೆಯಲ್ಲಿದ್ದಳು, ನೋಡಲಿಲ್ಲ. ಅನಂತರ ಅವಳನ್ನು ಕಿಟಕಿಗೆ ಬೆನ್ನು ಮಾಡಿ ಕೂರಿಸಿದ್ದರಿಂದ, ಬೆಳಕು ಹಿಂದೆ ಉಳಿದು, ಹಣೆಯ ಕುಂಕುಮ ಕಾಣದೆ ಹೋಯಿತು. ಎದುರಿಗೆ ಅರ್ಜಿದಾರನ ಮಣೆ ಖಾಲಿ. ತಮ್ಮ ತೀರ್ಪುಗಾರರು ಇದನ್ನೇ “ಹಣೆಯ ಮೇಲಿನ ಆ ಕತ್ತಲು” ಎಂದು ಹೊಗಳಿ ಬಹುಮಾನ ಕೊಟ್ಟಿದ್ದಾರೆ. ತಮ್ಮ ಬೆಟ್ಟದ ಊರಿನಲ್ಲಿ ಮಂಜು ಬಹಳ. ಮಂಜಿನಲ್ಲಿ ಪರರ ದುಃಖ ಚೆಂದ ಕಾಣುತ್ತದೆಂದೂ, ಶಾಲು ಹೊದ್ದ ಗಣ್ಯರು ಚಿತ್ರದಲ್ಲಿ ಯಾರೂ ಮಾತಾಡದ ಕಡೆಯಲ್ಲೆಲ್ಲ ಚಪ್ಪಾಳೆ ತಟ್ಟಿದರೆಂದೂ ಪ್ರಹ್ಲಾದನೇ ವರದಿ ಮಾಡಿರುತ್ತಾನೆ.

3. ಇಷ್ಟಕ್ಕೆ ಅರ್ಜಿದಾರನ ತಕರಾರಿಲ್ಲ. ಒಂದು ದಿನ ಎಲ್ಲರೂ ಹೋಗತಕ್ಕವರೇ. ಬಹುಮಾನದ ಸುದ್ದಿ ಕೇಳಿ ಬೀದರಿನ ಸೋದರಸಂಬಂಧಿ ಸಂತಾಪ ಹೇಳಲು ಫೋನು ಮಾಡಿ, ಫೋನನ್ನು ಅರ್ಜಿದಾರನೇ ಎತ್ತಿಕೊಂಡದ್ದರಿಂದ ಗಾಬರಿಯಾಗಿ “ಅಲ್ಲಿ ಮಳಿ ಹ್ಯಾಂಗರಿ?” ಎಂದು ಕೇಳಿದ್ದನ್ನೂ ಆತ ಸಹಿಸಿಕೊಂಡಿದ್ದಾನೆ.

ತಕರಾರು ಹೆಂಡತಿಯ ಪರವಾಗಿ ಇದೆ. ಅವಳು ಮದುವೆಯಾಗಿ ಈ ಊರಿಗೆ ಬಂದ ವರ್ಷದಿಂದ, ಶ್ರಾವಣದ ಕೊನೆಯ ಶುಕ್ರವಾರ ಯಮುನಾಬಾಯಿಯವರ ಮನೆಯಲ್ಲಿ ಮುತ್ತೈದೆಯರಿಗೆ ಉಡಿ ತುಂಬುವಾಗ, ಅಕ್ಕಿ, ಕಾಯಿ, ಕುಪ್ಪಸದ ಕಣ ಮೊದಲು ಬೀಳುತ್ತಿದ್ದುದು ಅವಳ ಸೆರಗಿಗೆ. ತವರು ದೂರವಾದವಳಿಗೆ ಅದೇ ತವರು. ಆದರೆ ಈ ವರ್ಷ ಆಷಾಢದಲ್ಲಿ ನಮ್ಮವರೆಲ್ಲ ಒಂದು ಬಾಡಿಗೆ ಹಾಲಿನಲ್ಲಿ ಕೂಡಿ ಈ ಚಿತ್ರ ನೋಡಿದರು. ಶ್ರಾವಣದಲ್ಲಿ ಕರೆ ಬರಲಿಲ್ಲ. ಗಿರಿಜಾಬಾಯಿ ತಾನೇ ನಾರಾಯಣಗೂಡಕ್ಕೆ ಹೋಗಿ ಕೇಳಿದಳು. ಅರ್ಜಿದಾರ ಬಾಗಿಲ ಬಳಿ ಚಪ್ಪಲಿ ಬಿಡುತ್ತ, ಅಂದರೆ ಪೂರ್ಣ ಜೀವಂತನಾಗಿ, ನಿಂತಿದ್ದ.

“ನಿನ್ನ ಗಂಡ ಅಲ್ಲೇ ನಿಂತಾನ, ನನಗ ಕಾಣವಲ್ದೇನು ಗಿರಿಜಾ?” ಎಂದರು ಯಮುನಾಬಾಯಿ. “ಆದ್ರ ನಾಕು ಮಂದಿ ಪರದೆ ಮ್ಯಾಲ ಹಾರ ನೋಡ್ಯಾರ. ಅಪಶಕುನ ಅಂತಾರ. ಇದೊಂದು ವರ್ಷ ಬಿಡು.”

“ಹಾರ ಹಾಕಿದಾಂವ ನಿಮ್ಮ ಮಗನ ಅಲ್ಲೇನ್ರಿ, ಅಕ್ಕಾ?”

“ಮಗಾ ಮಾಡಿದ್ದು ಕಲಾ. ನಾವು ಮಾಡೂದು ಶಾಸ್ತ್ರ. ಎರಡೂ ಕೂಡಸಬ್ಯಾಡ.”

ಗಿರಿಜಾಬಾಯಿ ಅಂದಿನಿಂದ ನೆರೆಹೊರೆಯವರ ಅರಿಸಿನ-ಕುಂಕುಮಕ್ಕೂ ಹೋಗುತ್ತಿಲ್ಲ. ಯಾರಾದರೂ ಹಿಂಜರಿದಾರು ಎಂಬ ಭಯ. ಅರ್ಜಿದಾರನ ಎಲೆಗೆ ಮಾತ್ರ ಎರಡು ಸಲ ತುಪ್ಪ ಬೀಳುತ್ತಿದೆ.

4. ತಮ್ಮ ಉತ್ತರದಲ್ಲಿ, ಈ ವರ್ಷ ಕಾರ್ತಿಕದಲ್ಲಿ ಚಿತ್ರವನ್ನು ಮತ್ತೆ ತೋರಿಸುವುದಾಗಿಯೂ, ಗಿರಿಜಾಬಾಯಿಯನ್ನು ವೇದಿಕೆಗೆ ಕರೆದು ಸನ್ಮಾನಿಸುವುದಾಗಿಯೂ, “ಪ್ರೇಕ್ಷಕರ ಅನುಭವಕ್ಕೆ ಧಕ್ಕೆಯಾಗದಂತೆ ಪತಿಯವರು ವಸತಿಗೃಹದಲ್ಲೇ ಉಳಿಯಬೇಕು” ಎಂದೂ ಇದೆ. ಮಾನ್ಯರೇ, ಪ್ರಾಣ ಒಯ್ಯಲು ಬಂದ ಯಮಧರ್ಮನೂ ಗಂಡನಿಗೆ ರೂಮು ಬುಕ್ ಮಾಡಿದ ಕಥೆ ಅರ್ಜಿದಾರ ಕೇಳಿಲ್ಲ.

5. ಅರ್ಜಿದಾರನ ಹಳ್ಳಿಯಲ್ಲಿ ಬಯಲಾಟವಾಗುತ್ತಿತ್ತು. ಆಟದಲ್ಲಿ ಯಾರೇ ಸತ್ತಿರಲಿ, ಕೊನೆಗೆ ಸತ್ತ ಪಾತ್ರಧಾರಿ ಎದ್ದು ಬಂದು, ಎಲ್ಲರ ಎದುರು ಮಂಗಳಾರತಿ ತೆಗೆದುಕೊಳ್ಳಬೇಕು. ಅಲ್ಲಿಯವರೆಗೆ ಜನ ಏಳುತ್ತಿರಲಿಲ್ಲ. ಕೊಂದ ಪಾಪ ಆಟದವರಿಗೂ ನೋಡಿದ ಪಾಪ ಊರಿಗೂ ತಟ್ಟಬಾರದೆಂದು ಹಿರಿಯರು ಮಾಡಿದ ಕಟ್ಟಳೆ. ತಮ್ಮ ಉತ್ಸವದಲ್ಲಿ ಸಾಯಿಸುವ ಏರ್ಪಾಡು ಅಚ್ಚುಕಟ್ಟಾಗಿದ್ದು, ಎಬ್ಬಿಸುವ ಏರ್ಪಾಡು ಇಲ್ಲದಿರುವುದು ಕಂಡುಬಂದಿದೆ.

ಆದ್ದರಿಂದ ಪ್ರಾರ್ಥನೆ ಏನೆಂದರೆ: ಚಿತ್ರವನ್ನು ಕತ್ತರಿಸುವುದು ಬೇಡ. ಅದು ಮುಗಿದ ಕೂಡಲೇ ದೀಪ ಹಾಕಿಸಿ, ಅರ್ಜಿದಾರನನ್ನೂ ಗಿರಿಜಾಬಾಯಿಯನ್ನೂ ವೇದಿಕೆಯ ಮೇಲೆ ಜೊತೆಗೆ ಕೂರಿಸಿ, ಅದೇ ಪ್ರೇಕ್ಷಕರ ಕಣ್ಣೆದುರು, ನಿರ್ದೇಶಕನ ತಾಯಿ ಯಮುನಾಬಾಯಿಯವರ ಕೈಯಿಂದಲೇ ಅವಳಿಗೆ ಉಡಿ ತುಂಬಿಸತಕ್ಕದ್ದು. ಮಗನಿಗೆ ಮತ್ತೆ ಚಪ್ಪಾಳೆ ಬೀಳುವುದನ್ನು ನೋಡಲು ಆ ತಾಯಿ ಬೆಟ್ಟ ಹತ್ತಿಯೇ ಹತ್ತುತ್ತಾರೆ. ಕರೆಸುವ ಖರ್ಚು ಸಮಿತಿಯದು. ಅಕ್ಕಿ, ಕಾಯಿ, ಕಣ ಅರ್ಜಿದಾರ ತರುತ್ತಾನೆ.

ತಮ್ಮ ವಿಶ್ವಾಸಿ, ಸದ್ಯಕ್ಕೆ ಇಹಲೋಕದಿಂದ,
ವೈಜನಾಥ

ಅಡಕ:
1. ಪಿಂಚಣಿ ಕಚೇರಿಗೆ ಸಲ್ಲಿಸಿದ ಜೀವಿತ ಪ್ರಮಾಣಪತ್ರದ ನಕಲು. ಸರ್ಕಾರ ಒಪ್ಪಿದೆ, ಸಮಿತಿಯೂ ಒಪ್ಪಬಹುದು.
2. ದಂಪತಿಗಳ ಇತ್ತೀಚಿನ ಫೋಟೋ, ಬೆಳಕು ಎದುರಿನಿಂದ.

ವಿಶೇಷ ಸೂಚನೆ: ಈ ಅರ್ಜಿಯನ್ನು ಓದಿ ಹೇಳಿದಾಗ ಗಿರಿಜಾಬಾಯಿ, “ಅಕ್ಕಾ ಉಡಿ ತುಂಬೂ ಹೊತ್ತಿನ್ಯಾಗ ನನಗ ಅಳು ಬಂದರೂ ಬಂದೀತರಿ. ಅದನ್ನೂ ಬರೀರಿ” ಎಂದಿದ್ದಾಳೆ. ಆದಕಾರಣ, ಆ ಹೊತ್ತಿನಲ್ಲಿ ಸಭಾಂಗಣದ ಎಲ್ಲ ಕ್ಯಾಮೆರಾಗಳನ್ನು ಬಂದ್ ಮಾಡಿಸಿಡಬೇಕಾಗಿ ವಿನಂತಿ.