ಹಳ್ಳದ ಕರೆಂಟಿನ ಲ್ಯಾಬು

ನನ್ನ ಸೋದರಮಾವನಿಗೆ ತಲೆ ಕೆಟ್ಟಿದೆ ಎಂದು ಕಳಸದಲ್ಲಿ ಮೊದಲು ಹೇಳಿದವನು ನಾನೇ. ಆಮೇಲೆ ಊರೆಲ್ಲ ಹೇಳಿತು, ಆದರೆ ಆ ಹೆಗ್ಗಳಿಕೆ ನನ್ನದು! ಮತ್ತೇನು ಹೇಳಲಿ? ಆಸ್ಪತ್ರೆಯ ಲ್ಯಾಬ್ ಟೆಕ್ನಿಶಿಯನ್ ಆಗಿ ನಿವೃತ್ತರಾದವರು ಖಾಲಿ ಜಾಗದಲ್ಲಿ ಕುರ್ಚಿ ಹಾಕಿಕೊಂಡು ತಿಂಗಳುಗಟ್ಟಲೆ ಬಿಸಿಲು ನೋಡುತ್ತ ಕೂತರೆ?

"ಏನ್ ಮಾಡ್ತಿದೀರಿ ಮಾವ?"

"ಕಿಟಕಿ ಎಲ್ಲಿಡೋದು ಅಂತ ನೋಡ್ತಿದೀನಿ."

"ಗೋಡೆನೇ ಇಲ್ವಲ್ಲ!"

"ಗೋಡೆ ಆಮೇಲೆ ಕಟ್ಬಹುದು ಮಾರಾಯ. ಬೆಳಕನ್ನ ಕಟ್ಟಕ್ಕಾಗುತ್ತಾ?"

ಅವರು ಕಟ್ಟಹೊರಟಿದ್ದು ರಕ್ತಪರೀಕ್ಷೆಯ ಲ್ಯಾಬು. ಚಿಕ್ಕಮಗಳೂರಿನಿಂದ ಬಂದ ಇಂಜಿನಿಯರ್ ಮುಂಭಾಗಕ್ಕೆಲ್ಲ ಗಾಜು ಹಾಕೋಣ ಎಂದರು. "ಅದರೊಳಗೆ ಬೇಯೋನು ನಾನಲ್ವಾ, ಇಂಜಿನಿಯರ್ರೇ?" ಎಂದು ಮಾವ ಜಂಬಿಟ್ಟಿಗೆ ಕಲ್ಲಿನ ದಪ್ಪ ಗೋಡೆ ಎಬ್ಬಿಸಿದರು. ಸೂಕ್ಷ್ಮದರ್ಶಕಕ್ಕೆಂದು, ನೇರ ಬಿಸಿಲು ಬೀಳದ ಉತ್ತರಕ್ಕೊಂದು ದೊಡ್ಡ ಕಿಟಕಿ ಇಟ್ಟರು. ನಕ್ಷೆಗೆ ಅಡ್ಡ ಬಂದ ಹಲಸಿನ ಮರವನ್ನು ಕಡಿಯಲು ಬಿಡದೆ ಗೋಡೆಯನ್ನೇ ಬಾಗಿಸಿದರು. ಆ ಗೋಡೆಗೆ ಎರಡು ಸುತ್ತು ಬಂದ ಇಂಜಿನಿಯರ್ ನನ್ನ ಕಿವಿಯಲ್ಲಿ ಕೇಳಿದರು: "ಇವ್ರು ಮನೇಲೂ ಹಿಂಗೇನಾ?"

"ಇಲ್ಲಿ ಪರವಾಗಿಲ್ಲ ಸಾರ್," ಎಂದೆ.

ಕೊಳೆನೀರು ಹಿಂದಿನ ಹಳ್ಳಕ್ಕೆ ಸೇರದಂತೆ ಬೇರೆ ಗುಂಡಿ ತೋಡಿಸಿದ್ದಾಯಿತು. ಆಮೇಲೆ ಅದೇ ಹಳ್ಳಕ್ಕೆ ಪುಟ್ಟದೊಂದು ಟರ್ಬೈನು! ಲೈನಿನ ಕರೆಂಟು ಇದೆಯಲ್ಲ ಎಂದರೆ, "ಮಳೆ ಬಂದ್ರೆ ಲೈನು ಹೋಗುತ್ತೆ. ಮಳೆ ಬಂದ್ರೇನೇ ಹಳ್ಳ ತುಂಬುತ್ತೆ," ಎಂದರು.

ಈ ಮಾತಿಗೆ ಮಾತ್ರ ನಾವು ಯಾರೂ ನಗಲಿಲ್ಲ. ಅತ್ತೆಗೆ ಜ್ವರ ಬಂದ ಮಳೆಗಾಲದಲ್ಲಿ, ಮಾವ ಕೆಲಸ ಮಾಡುತ್ತಿದ್ದ ಆಸ್ಪತ್ರೆಗೆ ನಾಲ್ಕು ದಿನ ಕರೆಂಟಿರಲಿಲ್ಲ. ಫ್ರಿಜ್ಜಿನಲ್ಲಿದ್ದ ಪರೀಕ್ಷೆಯ ಸಾಮಾನೆಲ್ಲ ಕೆಟ್ಟಿತ್ತು. ಹೆಂಡತಿಯ ತೋಳಿನಿಂದ ತಾವೇ ರಕ್ತ ತೆಗೆದು ದೂರದ ಪಟ್ಟಣಕ್ಕೆ ಬಸ್ಸಿನಲ್ಲಿ ಕಳಿಸಿದ್ದರು. ರಿಪೋರ್ಟು ಬಂದಾಗ ಅತ್ತೆಯ ಉತ್ತರಕ್ರಿಯೆ ಮುಗಿದಿತ್ತು. ಅದರಲ್ಲಿ ಬರೆದಿದ್ದ ಜ್ವರದ ಮಾತ್ರೆ ಆಸ್ಪತ್ರೆಯ ಬೀರುವಿನಲ್ಲೇ ಇತ್ತು.

ಅಷ್ಟು ಹೊತ್ತಿಗೆ ಇಂಜಿನಿಯರಿಗೂ ಮಾವನ ಹುಚ್ಚು ಅಂಟಿತ್ತು. ಪರಿಸರಕ್ಕೆ ಹೊರೆಯಾಗದ ಕಟ್ಟಡಗಳಿಗೆ ಅಂಕ ಹಾಕಿ ಕೊಡುವ 'ಹಸಿರು ಕಟ್ಟಡ' ಪ್ರಮಾಣಪತ್ರಕ್ಕೆ ಅವರೇ ಅರ್ಜಿ ಹಾಕಿದರು. ಬೆಂಗಳೂರಿನಿಂದ ಬಂದ ಪರಿವೀಕ್ಷಕರು ಎಲ್ಲವನ್ನೂ ಮೆಚ್ಚಿ, ಕೊನೆಗೆ ಪಟ್ಟಿ ನೋಡಿ ಕೇಳಿದರು: "ಸೈಕಲ್ ನಿಲ್ಲಿಸೋ ಜಾಗ ಎಲ್ಲಿ?"

"ಈ ಏರಲ್ಲಿ ಸೈಕಲ್ ತುಳ್ಕೊಂಡು ಯಾರಾದ್ರೂ ಬಂದ್ರೆ, ಮೊದ್ಲು ಅವನ ರಕ್ತಾನೇ ಪರೀಕ್ಷೆ ಮಾಡ್ತೀನಿ ಸ್ವಾಮಿ!"

ಆ ಅಂಕ ಹೋಯಿತು. ಆದರೂ ಪ್ರಮಾಣಪತ್ರ ಬಂತು. ತಮ್ಮ ಗೋಡೆಗೆ ಮೊಳೆ ಹೊಡೆಯಲು ಮಾವ ಒಪ್ಪದ್ದರಿಂದ ಅದು ಪೆಟ್ಟಿಗೆ ಸೇರಿತು.

ಲ್ಯಾಬು ತೆರೆದ ವರ್ಷದ ಆಷಾಢದಲ್ಲಿ ಲೈನು ಮೂರು ದಿನ ಸತ್ತಿತ್ತು. ಹಿಂದೆ ಹಳ್ಳ ಭೋರ್ಗರೆಯುತ್ತಿತ್ತು, ಫ್ರಿಜ್ಜು ಓಡುತ್ತಿತ್ತು. ಬೆಳಿಗ್ಗೆ ಸಂಸೆ ಕಡೆಯ ಎಸ್ಟೇಟೊಂದರಿಂದ ಕೆಲಸದ ಹೆಂಗಸೊಬ್ಬಳು ಜ್ವರದಲ್ಲಿ ನಡುಗುತ್ತ ಜೀಪಿನಲ್ಲಿ ಬಂದಳು. ಮಾವ ರಕ್ತ ತೆಗೆದರು. ಮಧ್ಯಾಹ್ನಕ್ಕೆ ಮೊದಲೇ ಕಾಗದ ಅವಳ ಕೈಯಲ್ಲಿತ್ತು.

"ಏನ್ ಬರೆದೈತೆ ಅಯ್ಯಾ?"

"ಇಲಿ ಜ್ವರ ಕಣಮ್ಮ. ಮಾತ್ರೇಲಿ ಹೋಗುತ್ತೆ. ನಡಿ, ಈಗ್ಲೇ ಡಾಕ್ಟ್ರಿಗೆ ತೋರಿಸ್ಬೇಕು."

ಜೀಪು ಅವಳನ್ನು ಇಳಿಸಿ ಆಗಲೇ ಮರಳಿತ್ತು; ಅವಳೊಬ್ಬಳನ್ನೇ ಕಳಿಸದೆ ತಾವೂ ಕೊಡೆ ಹಿಡಿದು ಆಸ್ಪತ್ರೆಗೆ ಹೊರಟರು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಕೊಡೆ ಪೂರ್ತಿ ಅವಳ ಮೇಲಿತ್ತು. ಮಾವ ತೊಯ್ಯುತ್ತ ಪಕ್ಕದಲ್ಲಿ ನಡೆಯುತ್ತಿದ್ದರು.

ವಾಪಸು ಬಂದಾಗ ಟವೆಲು ಕೊಟ್ಟೆ. ಅವರು ತಲೆ ಒರೆಸಲಿಲ್ಲ. ಅದನ್ನು ಮುಖಕ್ಕೆ ಒತ್ತಿಕೊಂಡರು.

"ಊಟದ ಹೊತ್ತಿಗೆ ಮುಂಚೇನೇ ಬಂತು ಕಣೋ, ರಿಪೋರ್ಟು," ಎಂದರು.