ಮುಂದೋಡುವ ಗಡಿಯಾರ, ಗಿಡ್ಡ ತೋಳಿನ ಕೋಟು

ನಮ್ಮ ಹೊಲಿಗೆ ಅಂಗಡಿಯ ಕಂಪ್ಯೂಟರಿನಲ್ಲಿ ಬಿಜಯಮಾಡಿಸಿರುವ ಬಿಲ್ಡ್ ಟೂಲ್ ಮಹಾಶಯರಿಗೆ, ಕತ್ತರಿ ಕೆಳಗಿಡದೆಯೇ ಮಾಡುವ ನಮಸ್ಕಾರಗಳು.

ಮಾನ್ಯರೇ,

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನ ಕೈಗೆ ಪೆನ್ನು ಹಿಡಿಸಿದ ಪಾಪ ತಮ್ಮದು. ಬಾಯಿತುಂಬ ಬೈದು ನೋಡಿದೆ. "ಅದಕ್ಕೆ ಕಿವಿ ಇಲ್ಲ ಮಾವ, ಏನಿದ್ರೂ ಬರೆದು ಹಾಕಿ" ಅಂದಳು ಸೊಸೆ. ಬರೆದು, ನಾಲ್ಕು ಜನ ಓದಲೆಂದು ಅಂಗಡಿ ಬಾಗಿಲಿಗೂ ಅಂಟಿಸಿದ್ದೇನೆ.

ಕೋಟಿನ ಅಳತೆಯ ಚಿತ್ರಗಳನ್ನು ಬಟ್ಟೆ ಕತ್ತರಿಸುವ ಯಂತ್ರಕ್ಕೆ ತಿಳಿಯುವ ಫೈಲುಗಳಾಗಿ ಒಂದೊಂದೇ ಬದಲಾಯಿಸಿ ಬೆನ್ನು ನೋಯಿಸಿಕೊಳ್ಳುತ್ತಿದ್ದ ಸೊಸೆ, ಸಾಫ್ಟ್‌ವೇರ್ ಕಟ್ಟುವವರು ಬಳಸುವ ತಮ್ಮನ್ನು ಕರೆತಂದು, ಫೋಲ್ಡರಿನಲ್ಲಿ ಎಷ್ಟು ಚಿತ್ರವಿದ್ದರೂ ಒಂದೇ ಗುಂಡಿಗೆ ಬದಲಾಗುವಂತೆ ಮಾಡಿದಳು. ಚಿತ್ರ ತಿದ್ದಿದ್ದರೆ ಮಾತ್ರ ಮತ್ತೆ ಬದಲಾಯಿಸುವ ತಮ್ಮ ಮಿತವ್ಯಯಕ್ಕೆ ನಾನೂ ತಲೆದೂಗಿದೆ.

ಆಗ ಬ್ಯಾಂಡಿನವರ ಮೂವತ್ತು ಕೋಟಿನ ಆರ್ಡರು ಬಂತು. ಫೈಲುಗಳು ತಯಾರಾಗಿ ಹತ್ತು ನಿಮಿಷವಾಗಿರಲಿಲ್ಲ, ಮೊದಲೇ ಹೊಲಿದು ಕಳಿಸಿದ್ದ ಮಾದರಿ ಕೋಟು ತೊಟ್ಟು ನೋಡಿದ ಬ್ಯಾಂಡ್ ಮೇಷ್ಟ್ರ ಫೋನು: "ತುತ್ತೂರಿ ಎತ್ತಿದ್ರೆ ತೋಳು ಮೊಣಕೈಗೆ ಬರುತ್ತೆ ಮಾಸ್ತರೇ, ಉದ್ದ ಮಾಡಿ." ಸೊಸೆ ಮನೆಯಲ್ಲೇ ಕೂತು ತಕ್ಷಣ ಚಿತ್ರ ತಿದ್ದಿ ಕಳಿಸಿದಳು. ನಾನು ಗುಂಡಿ ಒತ್ತಿದೆ. ಮಾಡಲು ಏನೂ ಇಲ್ಲ ಎಂದಿರಿ. ಕೆಲಸ ಕದಿಯುವವರನ್ನು ಬೇಕಾದಷ್ಟು ಕಂಡಿದ್ದೇನೆ, ಅದನ್ನು ಇಷ್ಟು ಗಾಂಭೀರ್ಯದಿಂದ ಘೋಷಿಸುವವರನ್ನು ಕಂಡಿರಲಿಲ್ಲ. ನಂಬಿ ಯಂತ್ರ ಓಡಿಸಿದೆ. ಮೂವತ್ತಕ್ಕೆ ಮೂವತ್ತೂ ಗಿಡ್ಡ ತೋಳು.

"ಅಂಗಡಿ ಗಡಿಯಾರದ ಥರ ಕಂಪ್ಯೂಟರಿಂದೂ ಅರ್ಧ ಗಂಟೆ ಮುಂದೆ ಇಡಿಸಿದ್ದೀರಲ್ಲ ಮಾವ. ಅದು ಟೈಮ್ ನೋಡಿ, ನಾನು ಮನೇಲಿ ಸರಿ ಟೈಮಲ್ಲಿ ತಿದ್ದಿದ ಚಿತ್ರಕ್ಕಿಂತ ಅರ್ಧ ಗಂಟೆ ಮುಂದಿನ ಟೈಮ್ ಬಿದ್ದಿರೋ ಆ ಹಳೇ ಫೈಲೇ ಹೊಸದು ಅಂದ್ಕೊಂಡಿದೆ" ಅಂದಳು ಸೊಸೆ. ಮುಂದಿಡದಿದ್ದರೆ ಗುಂಡಿಗೆ ಕಾಜಾ ಹಾಕುವವನು ಊಟದ ಹೊತ್ತಿಗೆ ಬರುತ್ತಾನೆ. ಆ ಗಡಿಯಾರ ಸುಳ್ಳೆಂದು ಬೀದಿ ನಾಯಿಗೂ ಗೊತ್ತು. ಇಷ್ಟು ವರ್ಷದಲ್ಲಿ ಅದನ್ನು ನಂಬಿದವರು ತಾವೊಬ್ಬರೇ.

ಆದಕಾರಣ ತಾವು ದೊಡ್ಡ ಮನಸ್ಸು ಮಾಡಿ, ಗಡಿಯಾರ ನೋಡುವುದನ್ನು ಬಿಟ್ಟು ತೋಳು ನೋಡುವುದನ್ನು ಕಲಿಯಬೇಕು; ಕತ್ತರಿಸಿದ ಬಟ್ಟೆಯನ್ನು ಒಂದೇ ಗುಂಡಿಗೆ ಮತ್ತೆ ಇಡೀ ಥಾನಾಗಿ ಬದಲಾಯಿಸಬೇಕು; ಅದು ಆಗದಿದ್ದರೆ ಮೂವತ್ತು ವಾದಕರನ್ನೂ ಫೋಲ್ಡರಿಗೆ ಹಾಕಿ ಅವರ ಕೈಗಳನ್ನು ಎರಡೆರಡು ಅಂಗುಲ ಗಿಡ್ಡ ಮಾಡಿ ಕೊಡಬೇಕು.

ತಮ್ಮ ಒಂದು ಮಾತು ನಂಬಿ ಕೆಟ್ಟ,
ತಮ್ಮ ವಿಶ್ವಾಸಿ,
ಕಟಿಂಗ್ ಮಾಸ್ತರು

ತಾ.ಕ.: ಗಡಿಯಾರ ಸರಿ ಮಾಡುವವರೆಗೆ ಸೊಸೆ ಅಂಗಡಿ ಮೆಟ್ಟಿಲು ಹತ್ತುವುದಿಲ್ಲವಂತೆ. ನಾನು ಮುಳ್ಳು ಮುಟ್ಟುವುದಿಲ್ಲ. ಬ್ಯಾಂಡಿನವರ ಮೆರವಣಿಗೆ ಹದಿನೈದಕ್ಕೆ. ಹನ್ನೆರಡನೇ ತಾರೀಖು ಬೆಳಿಗ್ಗೆ ಹತ್ತು ಗಂಟೆಯೊಳಗೆ ಉತ್ತರ ಬರಬೇಕು. ನಮ್ಮ ಗಡಿಯಾರದ ಹತ್ತು.