ನನಗಿಂತ ಮೊದಲು ಹೊರಟ ಚೀಲ

ತೀರ್ಮಾನ ತೆಗೆದುಕೊಳ್ಳುವುದು ನನಗೆ ಯಾವತ್ತೂ ಕಷ್ಟವಾಗಿಲ್ಲ. ಒಂದೇ ವಿಷಯದ ಮೇಲೆ ಬೆಳಿಗ್ಗೆ ಒಂದು, ಊಟವಾದ ಮೇಲೆ ಒಂದು, ಸಂಜೆ ಕಾಫಿಯ ಹೊತ್ತಿಗೆ ಇನ್ನೊಂದು, ಹೀಗೆ ದಿನಕ್ಕೆ ಮೂರು ತೀರ್ಮಾನಗಳನ್ನು ಸಲೀಸಾಗಿ ತೆಗೆದುಕೊಳ್ಳಬಲ್ಲೆ. ಮೂರರಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು ಎಂಬಲ್ಲಿ ಮಾತ್ರ ತೊಡಕು. ಮದುವೆಯಾದ ಹೊಸತರಲ್ಲಿ ನಮ್ಮವರು ಇದನ್ನು ಚಂಚಲ ಬುದ್ಧಿ ಎಂದರು. ನಾನು ‘ಓಪನ್ ಮೈಂಡ್’ ಎಂದೆ. ಅವರು ಅಂಚೆ ಇಲಾಖೆಯಲ್ಲಿದ್ದವರು. ಒಮ್ಮೆ ಬರೆದ ವಿಳಾಸ ಬದಲಾಗಬಾರದು ಎನ್ನುವುದು ಅವರ ಸಿದ್ಧಾಂತ. ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದವಳು. ಎಷ್ಟು ಸಲ ಬೇಕಾದರೂ ಹೊಡೆದು ಹಾಕಿ ಮತ್ತೆ ಬರೆಯಬಹುದು ಎನ್ನುವುದು ನನ್ನದು. ಈ ಎರಡು ಸಿದ್ಧಾಂತಗಳು ನಲವತ್ತೆಂಟು ವರ್ಷ ಒಂದೇ ಮನೆಯಲ್ಲಿ ಬಾಳಿವೆ ಎಂದರೆ ನಮ್ಮಿಬ್ಬರ ತಾಳ್ಮೆಯನ್ನು ನೀವೇ ಊಹಿಸಿ.

ಈ ವರ್ಷ ಚಳಿ ಶುರುವಾಗುವ ಹೊತ್ತಿಗೆ ನನ್ನ ಮುಂದೆ ಬಂದು ನಿಂತ ಪ್ರಶ್ನೆ ಡೆಹ್ರಾಡೂನಿಗೆ ಹೋಗುವುದೋ ಬೇಡವೋ ಎನ್ನುವುದು. ಕರೆದವಳು ಹೇಮಾ. ನಮ್ಮ ಕಡೆಯದೇ ಊರು ಅಡ್ಡಗದ್ದೆಯ ಹುಡುಗಿ, ಕಾನ್ವೆಂಟಿನ ಬೋರ್ಡಿಂಗಿನಲ್ಲಿ ನನ್ನ ಪಕ್ಕದ ಮಂಚದವಳು. ಮಿಲಿಟರಿ ಡಾಕ್ಟರನ್ನು ಮದುವೆಯಾಗಿ ಆ ಕಡೆಯೇ ಉಳಿದುಬಿಟ್ಟಳು. ಬೋರ್ಡಿಂಗಿನ ಆರು ವರ್ಷ ದಿನಾ ಬೆಳಿಗ್ಗೆ ನನ್ನ ಜಡೆ ಹೆಣೆದವಳು ಅವಳೇ. ನನ್ನ ಕೂದಲು ಮೊಣಕಾಲು ಮುಟ್ಟುತ್ತಿತ್ತು. ಪ್ರೇಯರ್ ಬೆಲ್ ಹೊಡೆಯುವುದರೊಳಗೆ ಅದನ್ನು ಎರಡು ಜಡೆ ಮಾಡಿ, ಮಡಚಿ, ರಿಬ್ಬನ್ ಕಟ್ಟಬೇಕಿತ್ತು. ಅವಳು ಹೆಣೆಯುತ್ತಾ ಬೈಯುತ್ತಿದ್ದಳು, ನಾನು ಕೂತು ಬೈಸಿಕೊಳ್ಳುತ್ತಿದ್ದೆ. ನಮ್ಮ ಸ್ನೇಹದ ವ್ಯವಸ್ಥೆ ಈಗಲೂ ಹೆಚ್ಚುಕಡಿಮೆ ಹಾಗೆಯೇ ಇದೆ.

ಡೆಹ್ರಾಡೂನ್ ಸಬ್‌ಟ್ರಾಪಿಕಲ್ ಪ್ರದೇಶ. ಇದು ನನಗೆ ಇಂಟರ್ನೆಟ್ ಹೇಳಿದ್ದಲ್ಲ, ಭೂಗೋಳದ ಸಿಸ್ಟರ್ ಹೇಳಿದ್ದು. ಅವರು ಗ್ಲೋಬನ್ನು ಒಂದು ಬೆರಳಿನಿಂದ ತಿರುಗಿಸಿ, ‘ಟ್ರಾಪಿಕಲ್ ಜನ ಹುಟ್ಟಾ ಸೋಮಾರಿಗಳು, ಸಬ್‌ಟ್ರಾಪಿಕಲ್ ಊರುಗಳಲ್ಲಿ ಸರಿಯಾದ ಚಳಿಗಾಲ ಬರುತ್ತದೆ, ಆದ್ದರಿಂದ ಅಲ್ಲಿಯವರಿಗೆ ಕ್ಯಾರೆಕ್ಟರ್ ಇರುತ್ತದೆ’ ಎಂದು ಪಾಠ ಮಾಡಿದ್ದರು. ಒಂದು ಕ್ಲಾಸಿನಷ್ಟು ಟ್ರಾಪಿಕಲ್ ಹುಡುಗಿಯರು ಒಕ್ಕೊರಲಿನಿಂದ ‘ಯೆಸ್ ಸಿಸ್ಟರ್’ ಎಂದಿದ್ದೆವು. ಅಂದಿನಿಂದ ಸಬ್‌ಟ್ರಾಪಿಕಲ್ ಎಂಬ ಶಬ್ದ ಕೇಳಿದರೆ ನಾನು ಬೆನ್ನು ನೆಟ್ಟಗೆ ಮಾಡಿ ಕೂರುತ್ತೇನೆ. ಆದರೆ ಹೋಗಿ ನೋಡಿದವಳಲ್ಲ. ನಮ್ಮವರಿಗೆ ವರ್ಗವಾದದ್ದು ಕೊಪ್ಪದಿಂದ ನರಸಿಂಹರಾಜಪುರಕ್ಕೆ, ಅಲ್ಲಿಂದ ಶೃಂಗೇರಿಗೆ, ಮತ್ತೆ ಕೊಪ್ಪಕ್ಕೆ. ನನ್ನ ಸಂಸಾರದ ಭೂಪಟವನ್ನು ಬಿಡಿಸಲು ಒಂದು ಅಂಚೆ ಕಾರ್ಡು ಸಾಕು, ವಿಳಾಸಕ್ಕೂ ಜಾಗ ಉಳಿಯುತ್ತದೆ.

ಹೇಮಾ ಪ್ರತಿ ವರ್ಷವೂ ಕರೆಯುತ್ತಿದ್ದಳು, ನಾನೂ ಪ್ರತಿ ವರ್ಷ ‘ನೆಕ್ಸ್ಟ್ ಇಯರ್, ಡೆಫಿನೆಟ್ಲಿ’ ಎನ್ನುತ್ತಿದ್ದೆ. ಈ ಸಲದ ಫೋನು ಮಾತ್ರ ಬೇರೆ ಥರ ಇತ್ತು.

“ಲೇ, ಕಣ್ಣಿನ ಡಾಕ್ಟ್ರು ಹೇಳಿಯಾಯ್ತು,” ಎಂದಳು. “ನೋಡೋದ್ರ ಮಧ್ಯ ಒಂದು ಮಸಿ ಚುಕ್ಕೆ ಬಿದ್ದಿದೆ, ಅದು ದೊಡ್ಡದಾಗ್ತಾ ಹೋಗ್ತದಂತೆ. ಗೋಡೆ, ಬಾಗ್ಲು ಎಲ್ಲ ಕಾಣ್ತದಂತೆ, ಎದುರು ಇರೋರ ಮುಖ ಮಾತ್ರ ಕಾಣಲ್ವಂತೆ. ಈ ಚಳಿಗಾಲಕ್ಕೆ ಬಾ. ಮುಂದಿನ ವರ್ಷ ಬಂದ್ರೆ ನಿನ್ನನ್ನ ಸ್ವರ ಕೇಳಿ ಗುರ್ತು ಹಿಡೀಬೇಕು. ನಿನ್ನ ಸ್ವರ ನಂಗೆ ಸ್ಕೂಲಿನ ಕ್ವಾಯರಲ್ಲಿ ಹಾಡುವಾಗ್ಲೇ ಇಷ್ಟ ಇರ್ಲಿಲ್ಲ.”

ಇಬ್ಬರೂ ನಕ್ಕೆವು. ಫೋನಿಟ್ಟವಳೇ ಯಾರನ್ನೂ ಕೇಳದೆ ಟಿಕೆಟ್ ಮಾಡಿದೆ. ಮಂಗಳವಾರ ಬೆಳಿಗ್ಗೆ ಬೆಂಗಳೂರಿಗೆ ಬಸ್ಸು, ರಾತ್ರಿ ತಂಗಿಯ ಮನೆ, ಬುಧವಾರ ವಿಮಾನ. ವೀಲ್‌ಚೇರ್ ಬೇಕೇ ಎಂದು ಫೋನಿನ ಪರದೆ ಕೇಳಿದಾಗ ಅದರ ಮೇಲೆ ಕೋಪ ಮಾಡಿಕೊಂಡು ‘ನೋ’ ಒತ್ತಿದೆ.

ನಮ್ಮವರು ಹೋಗಬೇಡ ಎನ್ನಲಿಲ್ಲ. ಅವರಿಗೆ ಘಾಟಿ ಇಳಿದರೆ ವಾಂತಿ, ಆದ್ದರಿಂದ ಜೊತೆಗೆ ಬರುವ ಮಾತೇ ಇಲ್ಲ. ಅವರ ಊಟದ ಗತಿ ಏನು ಎಂದು ಕೇಳಿದರೆ, “ದಿನಾ ಗಂಜಿ, ತಂಬುಳಿ ಮಾಡ್ಕೊಳ್ತೆ ಬಿಡು,” ಎಂದರು. ಹೇಳುವಾಗ ಮುಖದಲ್ಲಿ ಎದ್ದು ಕಾಣುವಷ್ಟು ಸಂತೋಷವಿತ್ತು. ಹೆಂಡತಿಯಾದವಳಿಗೆ ಇಂಥ ಧೈರ್ಯವನ್ನು ಯಾರೂ ಕೊಡಬಾರದು. ಅವರ ಆಕ್ಷೇಪಣೆ ಇದ್ದದ್ದು ಪಂಚಾಂಗದ ಕಡೆಯಿಂದ. “ಮಂಗಳವಾರ, ಬುಧವಾರ ಎರಡೂ ದಿನ ಉತ್ತರಕ್ಕೆ ಶೂಲ. ಹೊರಡೋ ಹಾಗಿಲ್ಲ,” ಎಂದರು.

“ಬೆಂಗಳೂರು ಎಲ್ಲಿ ಉತ್ತರಕ್ಕಿದೆ?” ಎಂದು ಟೀಚರ್ ದನಿಯಲ್ಲಿ ಕೇಳಿದೆ.

“ಕಾಗದ ಶಿವಮೊಗ್ಗದ ಮೇಲೆ ಹೋದ್ರೆ ಅದು ಶಿವಮೊಗ್ಗಕ್ಕೆ ಬರೆದ ಕಾಗದ ಆಗ್ತದಾ ಮಾರಾಯ್ತಿ? ಕೊನೇ ವಿಳಾಸ ನೋಡ್ಬೇಕು.”

ಪರಿಹಾರವನ್ನೂ ಅವರೇ ಹುಡುಕಿದರು. ನಮ್ಮ ಹಿರಿಯರು ಬಲು ಜಾಣರು. ಒಳ್ಳೆಯ ದಿನ ಒಂದು, ಬಂಡಿ ಸಿಗುವ ದಿನ ಇನ್ನೊಂದು ಆದರೆ ಏನು ಮಾಡಬೇಕು ಎಂದು ಯೋಚಿಸಿಟ್ಟಿದ್ದರು. ಒಳ್ಳೆಯ ದಿನ ನಮ್ಮ ಬದಲಿಗೆ ನಮ್ಮ ಗಂಟನ್ನು ಹೊರಡಿಸುವುದು. ಹೋಗುವ ದಿಕ್ಕಿನಲ್ಲಿರುವ ಯಾರದಾದರೂ ಮನೆಯಲ್ಲಿ ಅದನ್ನು ಇಟ್ಟು ಬಂದರೆ ಪ್ರಯಾಣ ಶುರುವಾದ ಹಾಗೆಯೇ ಲೆಕ್ಕ. ಆಮೇಲೆ ಅನುಕೂಲವಾದ ದಿನ ಆ ಮನೆಯಿಂದ ಗಂಟು ತೆಗೆದುಕೊಂಡು ನೆಟ್ಟಗೆ ಹೋಗುವುದು. ಇದಕ್ಕೆ ಪ್ರಸ್ಥಾನ ಇಡುವುದು ಎನ್ನುತ್ತಾರೆ. ನಿಬಂಧನೆ ಎರಡೇ: ಇಡುವ ಸಾಮಾನು ಪ್ರಯಾಣಕ್ಕೆ ನಿಜವಾಗಿ ಬೇಕಾದದ್ದಾಗಿರಬೇಕು, ಇಟ್ಟದ್ದು ಮನೆಗೆ ವಾಪಸ್ ಬರಬಾರದು. ಬಂದರೆ ಪ್ರಯಾಣ ರದ್ದು.

ನಮ್ಮವರು ಅಂಗಳದಲ್ಲಿ ಫೋನಿನ ದಿಕ್ಸೂಚಿ ಹಿಡಿದು ಒಂದು ಸುತ್ತು ತಿರುಗಿ ಉತ್ತರವನ್ನು ಪತ್ತೆ ಮಾಡಿದರು. ಆ ಕಡೆ ಇರುವುದು ಜಲಜಳ ಮನೆ. ಅದರಾಚೆ ಪೆಟ್ರೋಲ್ ಬಂಕು. ಜಲಜ ಮನೆಯಲ್ಲೇ ರವಿಕೆ ಹೊಲಿಯುತ್ತಾಳೆ. ಒಂದು ಕಾಲದಲ್ಲಿ ನನ್ನ ವಿದ್ಯಾರ್ಥಿನಿ, ಇಂಗ್ಲಿಷಿನಲ್ಲಿ ಎರಡು ಸಲ ಫೇಲು. ಹೊರಡಲು ಇನ್ನೂ ಒಂಬತ್ತು ದಿನ ಇದ್ದ ಭಾನುವಾರ ಒಳ್ಳೆಯ ದಿನವೆಂದು ನಾನೊಂದು ಚೀಲ ತುಂಬಿದೆ. ನನ್ನ ಒಂದೇ ಒಂದು ಒಳ್ಳೆಯ ಸ್ವೆಟರು, ಕಾಲುಚೀಲ, ಬಿಸಿನೀರಿನ ರಬ್ಬರ್ ಚೀಲ, ತಳದಲ್ಲಿ ಕಾಗದದಲ್ಲಿ ಸುತ್ತಿದ ಒಂದು ಹಳೇ ಮರೂನ್ ರೇಷ್ಮೆ ಸೀರೆ ಮತ್ತು ಅದರ ರವಿಕೆ. ನಮ್ಮವರು ರಿಜಿಸ್ಟರ್ಡ್ ಪಾರ್ಸೆಲ್ಲನ್ನು ಒಪ್ಪಿಸುವ ಗಾಂಭೀರ್ಯದಿಂದ ಅದನ್ನು ಜಲಜಳಿಗೆ ಒಪ್ಪಿಸಿ ಬಂದರು. ಅವಳು ಹೊಲಿಗೆ ಮೆಷಿನ್ನಿನ ಪಕ್ಕದ ಮೊಳೆಗೆ ನೇತುಹಾಕಿದಳು.

ಮರುದಿನವೇ ಕೊಪ್ಪದಲ್ಲಿ ಚಳಿ ಬಿತ್ತು. ಬೆಳಿಗ್ಗೆ ಒಂಬತ್ತಾದರೂ ಮಂಜು ಏಳುವುದಿಲ್ಲ. ನಾನು ಸೆರಗನ್ನೇ ಎರಡು ಸುತ್ತು ಹೊದ್ದು ಓಡಾಡಿದೆ. “ಸ್ವೆಟರ್ ಒಂದು ತರ್ಲಾ?” ಎಂದರೆ ನಮ್ಮವರು, “ಬುಕ್ಕಾದ ಪಾರ್ಸೆಲ್ ಅದು,” ಎಂದರು. ಜಲಜಳ ಬಾಗಿಲಿಗೆ ಹೋಗಿ ನಾನೇ ಕೇಳಿದೆ. ಅವಳು ಬಾಯಲ್ಲಿದ್ದ ದಾರ ಕಡಿದು, “ಟೀಚರೇ, ನಂಗೆ ಇಪ್ಪತ್ತೆಂಟು ಮಾರ್ಕ್ಸ್ ಕೊಟ್ಟಿದ್ರಿ, ನೆನಪಿದ್ಯಾ? ಇನ್ನೊಂದು ಏಳು ಹಾಕಿ ಅಂತ ಅಪ್ಪಯ್ಯ ಬಂದು ಕೇಳಿದ್ರೆ ‘ರೂಲ್ ಈಸ್ ರೂಲ್’ ಅಂದಿದ್ರಿ. ಈಗ ನಂದೂ ಅದೇ,” ಎಂದಳು. ಮೂವತ್ತೈದು ವರ್ಷ ಕಾದಿದ್ದಳು ಪುಣ್ಯಾತಗಿತ್ತಿ.

ರವಿಕೆಯ ಅಳತೆಗೆ ಬಂದವರೆಲ್ಲ ಮೊಳೆಯಲ್ಲಿದ್ದ ಚೀಲ ನೋಡಿ ಯಾರದ್ದೆಂದು ಕೇಳಿದರು. ಬುಧವಾರದ ಹೊತ್ತಿಗೆ ಕೊಪ್ಪಕ್ಕೆಲ್ಲ ಗೊತ್ತಾಯಿತು. ತರಕಾರಿ ಅಂಗಡಿಯವನು, “ಅಮ್ಮ ಇನ್ನೂ ಇಲ್ಲೇ ಇದ್ದೀರಾ?” ಎಂದ. ಮುತ್ತಿನಕೊಪ್ಪದಿಂದ ಬಸ್ಸು ಹತ್ತಿ ಬರುವ ಹಾಲಿನ ಡೈರಿಯ ಸರೋಜಮ್ಮ ಹಿಮಾಲಯದ ಕಲ್ಲೊಂದನ್ನು ತರಲು ಹೇಳಿದಳು. ನನ್ನ ಚೀಲದ ಬಗ್ಗೆ ಊರಿಗಿದ್ದ ಖಾತ್ರಿ ನನ್ನ ಬಗ್ಗೆ ನನಗೇ ಇರಲಿಲ್ಲ.

ಏಕೆಂದರೆ ಅಷ್ಟರಲ್ಲಿ ನಾನು ಬೇರೆ ತೀರ್ಮಾನಗಳಿಗೆ ಬಂದಾಗಿತ್ತು. ಡೆಹ್ರಾಡೂನಿನಲ್ಲಿ ಬೆಳಗಿನ ಹೊತ್ತು ಎಂಟು ಡಿಗ್ರಿ. ನನ್ನ ಮೊಣಕಾಲು ಹದಿನೆಂಟಕ್ಕೇ ದೂರು ಕೊಡುತ್ತದೆ. ಮಾರ್ಚಿನಲ್ಲಿ ಹೋದರೆ ಹಿತವಾದ ಹವೆ. ಹೇಮಾಳಿಗೆ ಫೋನು ಮಾಡಿ, “ವಿಂಟರ್ ಈಸ್ ನಾಟ್ ಸೂಟಬಲ್ ಫಾರ್ ಮೈ ನೀಸ್, ಡಿಯರ್. ಮಾರ್ಚ್ ವುಡ್ ಬಿ ಲವ್ಲಿ,” ಎಂದೆ.

“ಮಾರ್ಚಿಗಾ? ನೋಡು, ನಿನ್ನಿಷ್ಟ,” ಎಂದಳು. ಬೈಯಲಿಲ್ಲ. ಅರವತ್ತು ವರ್ಷದಲ್ಲಿ ಅವಳು ನನಗೆ ಬೈಯದೆ ಫೋನಿಟ್ಟದ್ದು ಅದೇ ಮೊದಲು.

ಈಗ ನಿಮ್ಮೊಬ್ಬರಿಗೇ ಹೇಳುತ್ತೇನೆ. ಮೊಣಕಾಲು ನೋಯುವುದು ನಿಜ, ಆದರೆ ತಡೆದದ್ದು ಮೊಣಕಾಲಲ್ಲ. ಹೇಮಾಳೂ ನಾನೂ ಎದುರೆದುರು ನೋಡಿ ಇಪ್ಪತ್ತಾರು ವರ್ಷವಾಯಿತು. ಅವಳ ತಮ್ಮನ ಮದುವೆಯಲ್ಲಿ, ನಾನು ಆ ಮರೂನ್ ಸೀರೆ ಉಟ್ಟಿದ್ದೆ. ಜಡೆ ಆಗಲೂ ಸೊಂಟದ ಕೆಳಗಿತ್ತು. ಅವಳು ನೂರು ಜನರ ಮುಂದೆ ಅದನ್ನು ಹಿಡಿದೆಳೆದು, “ಇದನ್ನ ಸಾಕಿದ್ದು ನಾನು,” ಎಂದಿದ್ದಳು. ನಾಲ್ಕು ವರ್ಷದ ಹಿಂದೆ ಒಂದು ಜ್ವರ ಬಂತು. ಬಾಚಣಿಗೆ ತುಂಬ ತುಂಬ ಕೂದಲು ಬಂದು, ಉಳಿದದ್ದನ್ನು ಕತ್ತಿನ ಮಟ್ಟಕ್ಕೆ ಕತ್ತರಿಸಿಕೊಂಡೆ. ಅದರ ನಂತರ ಅವಳು ಫೋನಿನಲ್ಲಿ, “ಜಡೆ ಹ್ಯಾಗಿದೆ?” ಎಂದು ಕೇಳಿದಾಗಲೆಲ್ಲ, “ಐ ಸ್ಟಿಲ್ ಹ್ಯಾವ್ ಇಟ್, ವೆರಿ ಮಚ್,” ಎನ್ನುತ್ತಾ ಬಂದೆ. ವಿಡಿಯೋ ಕಾಲ್ ಮಾಡಿದರೆ ಕ್ಯಾಮೆರಾವನ್ನು ದಾಸವಾಳದ ಗಿಡದ ಕಡೆ ತಿರುಗಿಸಿ, “ನೆಟ್‌ವರ್ಕ್ ಪ್ರಾಬ್ಲಮ್,” ಎನ್ನುತ್ತಿದ್ದೆ. ನಮ್ಮ ಕಡೆ ಈ ಮಾತನ್ನು ಯಾರೂ ಅನುಮಾನಿಸುವುದಿಲ್ಲ. ಮಾರ್ಚಿನಲ್ಲಿ ಹೋದರೆ ಹವೆ ಹಿತವಾಗಿರುತ್ತದೆ, ಮತ್ತು ಆ ಹೊತ್ತಿಗೆ ಅವಳಿಗೆ... ಈ ವಾಕ್ಯದ ಕೊನೆ ನನ್ನ ತಲೆಯೊಳಗೆ ತಾನಾಗಿ ಪೂರ್ತಿಯಾದ ದಿನ ನಾನು ಒಲೆಯ ಮುಂದೆ ನಿಂತಿದ್ದೆ. ಸಾರು ಉಕ್ಕಿತು. ಕಣ್ಣು ಹೋಗುತ್ತಿರುವ ಗೆಳತಿಯ ಕಣ್ಣು ಹೋಗುವುದನ್ನೇ ಕಾಯುತ್ತಿರುವ ಮುದುಕಿ ಕೊಪ್ಪದಲ್ಲಿ ನಾನೊಬ್ಬಳೇ ಇರಬೇಕು. ಕ್ಯಾರೆಕ್ಟರ್ ವಿಷಯದಲ್ಲಿ ಭೂಗೋಳದ ಸಿಸ್ಟರ್ ಹೇಳಿದ್ದು ಸುಳ್ಳಲ್ಲ.

ತಪ್ಪು ಗೊತ್ತಾದ ಕೂಡಲೇ ಮನುಷ್ಯ ಸರಿಯಾಗುತ್ತಾನೆ ಎಂದು ನಾನು ಮಕ್ಕಳಿಗೆ ಪಾಠ ಮಾಡಿದ್ದೇನೆ. ಸರಿಯಾಗುವುದಿಲ್ಲ. ಸೋಮವಾರ ಮಧ್ಯಾಹ್ನ, ನಾನಿನ್ನೂ ರದ್ದು ಮಾಡದೆ ಇಟ್ಟಿದ್ದ ಟಿಕೆಟ್ಟಿನ ಬಸ್ಸಿಗೆ ಇನ್ನೊಂದು ರಾತ್ರಿ ಇರುವಾಗ, ನಮ್ಮವರು ಮಲಗಿದ್ದ ಹೊತ್ತು ನೋಡಿ, ಚೀಲ ವಾಪಸ್ ತರಲು ಜಲಜಳ ಮನೆಗೆ ಹೋದೆ. ಚೀಲ ಮನೆಗೆ ಬಂದರೆ ಪ್ರಯಾಣ ರದ್ದು. ನಾನಾಗಿ ಬೇಡ ಎಂದ ಹಾಗೂ ಆಗುವುದಿಲ್ಲ, ಶಾಸ್ತ್ರದ ತಲೆಗೆ ಕಟ್ಟಬಹುದು.

“ಐ ಹ್ಯಾವ್ ಟು ರೀಪ್ಯಾಕ್,” ಎಂದೆ.

“ಎಂತಕ್ಕೆ? ನಾನೇ ಎಲ್ಲ ಸರಿ ಮಾಡಿದ್ದೇನೆ,” ಎಂದು ಜಲಜ ಚೀಲದಿಂದ ಮರೂನ್ ರವಿಕೆ ತೆಗೆದಳು. “ಸಿಟ್ಟು ಮಾಡ್ಬೇಡಿ ಮಾರಾಯ್ರೆ, ಬಿಚ್ಚಿ ನೋಡಿದೆ. ಇಷ್ಟು ಸಣ್ಣ ರವಿಕೆ ನಿಮಗೆ ತೋಳೇ ಏರಲ್ಲ. ಅಲ್ಲಿ ಹೋಗಿ ಪರದಾಡ್ತೀರಿ ಅಂತ ಎರಡೂ ಪಕ್ಕ ಬಿಡಿಸಿದೆ. ಒಳಗೆ ಬೇಕಾದಷ್ಟು ಬಟ್ಟೆ ಇತ್ತು. ಆಗಿನ ಟೈಲರ್‌ಗಳು ಹಾಗೇ, ಮುಂದೆ ಬೇಕಾಗ್ತದೆ ಅಂತ ಮಡಿಚಿ ಇಟ್ಟಿರ್ತಿದ್ರು.”

ಕೈಗೆ ತೆಗೆದುಕೊಂಡು ನೋಡಿದೆ. ರವಿಕೆ ಮೇಲೆಲ್ಲ ಮಾಸಿ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಬಿಡಿಸಿದ ಕಡೆ ಮಾತ್ರ ಎರಡೂ ಪಕ್ಕದಲ್ಲಿ ಎರಡೆರಡು ಬೆರಳು ಅಗಲ, ಅಂಗಡಿಯಿಂದ ಈಗ ತಂದ ಹಾಗೆ ಕಡು ಮರೂನ್ ಬಣ್ಣ. ಇಪ್ಪತ್ತಾರು ವರ್ಷ ಬೆಳಕು ಕಾಣದೆ ಒಳಗೆ ಮಡಿಚಿಕೊಂಡು ಕೂತಿತ್ತು. ನಾನು ಹೀಗಾಗುತ್ತೇನೆ ಎಂದು ಯಾರೋ ಒಬ್ಬ ಟೈಲರ್ ಅಷ್ಟು ಹಿಂದೆಯೇ ತಿಳಿದು, ಏನೂ ಅನ್ನದೆ, ಅದಕ್ಕೆ ಬೇಕಾದ ಬಟ್ಟೆ ಬಿಟ್ಟಿದ್ದ. ಇದರಲ್ಲಿ ನಾಚಿಕೆಯ ಸಂಗತಿ ಏನಿದೆ ಎಂದು ಅವನಿಗೆ ತೋರಿರಲಿಲ್ಲ.

“ಪಟ್ಟಿ ಎದ್ದು ಕಾಣ್ತದೆ,” ಎಂದೆ.

“ಕಾಣ್ಲಿ ಬಿಡಿ. ಕೈ ಎತ್ತಿದ್ರೆ ಮಾತ್ರ ಕಾಣೋದು. ಅಪ್ಪಿಕೊಳ್ಳುವಾಗ.” ಜಲಜ ಅದನ್ನು ಮಡಿಚಿ ಒಳಗಿಟ್ಟು ಚೀಲವನ್ನು ಮತ್ತೆ ಮೊಳೆಗೆ ಹಾಕಿದಳು. ನನ್ನ ಕೈಗೆ ಕೊಡಲಿಲ್ಲ.

ಅವಳ ಜಗಲಿಯಲ್ಲೇ ಕೂತು ಹೇಮಾಳಿಗೆ ಫೋನು ಮಾಡಿದೆ. “ನಾಳೆ ಹೊರಡ್ತೇನೆ,” ಎಂದೆ. “ಆದ್ರೆ ಒಂದು ಮಾತು. ಜಡೆ ಇಲ್ಲ. ನಾಲ್ಕು ವರ್ಷ ಆಯ್ತು. ಈಗ ಇರೋದಕ್ಕೆ ಬಾಚಣಿಗೇನೂ ಬೇಡ, ಕೈ ಸಾಕು.”

“ಗೊತ್ತು,” ಎಂದಳು ಹೇಮಾ.

“ಯಾರು ಹೇಳಿದ್ರು?”

“ನೀನೇ. ನೀನು ನಿಜ ಹೇಳೋದು ಕನ್ನಡದಲ್ಲಿ, ಸುಳ್ಳು ಹೇಳೋದು ಇಂಗ್ಲಿಷಲ್ಲಿ. ಸ್ಕೂಲಿಂದಲೂ ಹಾಗೇ. ಹೋಂವರ್ಕ್ ಮಾಡದೆ ಇದ್ದಾಗ ಸಿಸ್ಟರ್ ಹತ್ರ ಎಷ್ಟು ಚಂದ ಇಂಗ್ಲಿಷ್ ಮಾತಾಡ್ತಿದ್ದೆ! ಮಾರ್ಚ್ ವುಡ್ ಬಿ ಲವ್ಲಿಯಂತೆ. ಮುಚ್ಕೊಂಡು ಬಾ, ಕತ್ತೆ.”

ಬೈಸಿಕೊಂಡು ಎಷ್ಟು ಹಗುರವಾಯಿತೆಂದು ಹೇಳಲಾರೆ. ಈಗ ನೀವು ಹಿಂದಕ್ಕೆ ತಿರುಗಿ, ಈ ಬರಹದಲ್ಲಿ ನಾನು ಎಲ್ಲೆಲ್ಲಿ ಇಂಗ್ಲಿಷ್ ಬಳಸಿದ್ದೇನೆ ಎಂದು ನೋಡುತ್ತೀರಿ. ನೋಡಬಹುದು. ಮೊದಲನೆಯ ಪ್ಯಾರಾದ ‘ಓಪನ್ ಮೈಂಡ್’ ಸೇರಿಸಿಕೊಂಡು.

ಮಂಗಳವಾರ ಬೆಳಿಗ್ಗೆ ಜಲಜಳ ಮನೆಯಿಂದ ಚೀಲ ಎತ್ತಿಕೊಂಡು, ಸ್ವೆಟರಿನ ಗುಂಡಿಗಳನ್ನು ಕತ್ತಿನವರೆಗೂ ಹಾಕಿಕೊಂಡು, ಹಿಂತಿರುಗಿ ನೋಡದೆ ಬಸ್‌ಸ್ಟ್ಯಾಂಡಿಗೆ ಬಂದೆ. ನಮ್ಮವರು ಮನೆಯಿಂದ ನನ್ನ ಬಿ.ಪಿ. ಮಾತ್ರೆ ಹಿಡಿದುಕೊಂಡು ಬಂದರು. ಮರೆತದ್ದನ್ನು ನಾನೇ ಹೋಗಿ ತರುವ ಹಾಗಿರಲಿಲ್ಲವಲ್ಲ. ಬಸ್ಸಿನ ಕಿಟಕಿಯಿಂದ ಮಾತ್ರೆ ಕೊಟ್ಟು, ಅಲ್ಲೇ ನಿಂತರು. ನಲವತ್ತೆಂಟು ವರ್ಷದಲ್ಲಿ ಅವರು ಕೆಳಗೆ, ನಾನು ಮೇಲೆ ಇದ್ದದ್ದು ಅದೇ ಮೊದಲು. ಮಫ್ಲರ್ ಸರಿಮಾಡಿಕೊಂಡು ನನ್ನ ಮುಖವನ್ನೇ ನೋಡಿದರು.

“ಎಂತ ಮಾರಾಯ್ತಿ, ಕಣ್ಣಲ್ಲಿ ನೀರು?”

“ನಥಿಂಗ್,” ಎಂದೆ. “ಇಟ್ಸ್ ಓನ್ಲಿ ದ ಕೋಲ್ಡ್.”